ಎದುರು ಮನೆಗೆ ಯಾರು ಬರುತ್ತಾರೆ?

"ಎದುರಿಗೆ ಎಂಥಾ ಮಂದಿ ಬರ್ತಾರೋ ಏನೋ!"

ನಮ್ಮ ಪಡಸಾಲೆಯಲ್ಲಿ ಕುಳಿತು ಓಣಿಯ ಹೆಣ್ಣುಮಗಳೊಬ್ಬರು ನಿಟ್ಟುಸಿರು ಬಿಟ್ಟರು. ಚಹಾ ಕುಡಿಯುತ್ತಿದ್ದ ಉಳಿದವರು ಹೌದೆಂಬಂತೆ ತಲೆಯಾಡಿಸಿದರು. ಅಷ್ಟರಲ್ಲಿ ರೊಟ್ಟಿ ಕೊಡಲು ಬಂದಿದ್ದ ಹುಸೇನಬಿ ಬಾಗಿಲಲ್ಲೇ ಗಂಟು ಕೆಳಗಿಟ್ಟು ಮೆಲ್ಲಗೆ ಅಂದಳು:

"ನಾನ ಬರಾಕೀರಿ."

ಚಹಾದ ಕಪ್ಪು ಕೆಳಗಿಟ್ಟು ಎಲ್ಲರೂ ಬಾಗಿಲ ಕಡೆ ತಿರುಗಿದರು.

ಸಂಗತಿ ಇಷ್ಟು. ಬಸವನ ಬಾಗೇವಾಡಿಯಲ್ಲಿ ನಮ್ಮ ಮನೆಯ ಎದುರು ಮನೆಗಳಿಲ್ಲ, ಮೈದಾನವಿದೆ. ಅದು ಸರಕಾರಿ ಗಾಯರಾಣ, ಅಂದರೆ ಒಂದು ಕಾಲಕ್ಕೆ ಊರ ದನ ಮೇಯಲು ಬಿಟ್ಟಿದ್ದ ಜಾಗ. ಈಗ ದನ ಕಡಿಮೆ, ಮನುಷ್ಯರು ಜಾಸ್ತಿ. ಬೆಳಿಗ್ಗೆ ವಾಕಿಂಗ್‌ಗೆ ನಾವು, ಮಧ್ಯಾಹ್ನ ಆಡು-ಕುರಿ, ಸಂಜೆ ಕ್ರಿಕೆಟ್ ಹುಡುಗರು. ಊರಿನ ಎಷ್ಟೋ ಹೆಣ್ಣುಮಕ್ಕಳು ಸ್ಕೂಟಿ ಕಲಿತದ್ದು ಇಲ್ಲೇ. (ನಾನೂ. ಮೊಣಕಾಲಿನ ಕಲೆ ಇನ್ನೂ ಹೋಗಿಲ್ಲ.)

ಈ ಮೈದಾನದಲ್ಲಿ ಮನೆಯಿಲ್ಲದವರಿಗೆ ಮನೆ ಕಟ್ಟಿಸಿ ಕೊಡುತ್ತಾರಂತೆ ಎಂಬ ಸುದ್ದಿ ಬಂದದ್ದೇ ತಡ, ಓಣಿ ಎದ್ದು ಕುಳಿತಿತು. 'ಮೈದಾನ ಉಳಿಸಿ' ಎಂಬ ಮನವಿಗೆ ಸಹಿ ಹಾಕಿಸಲು ಪಾಟೀಲ ಸರ್ ಬಂದರು. ಎಲ್ಲರೂ ನಮ್ಮ ಮನೆಯಲ್ಲಿ ಸೇರಿದ್ದು ಅದಕ್ಕೇ.

ಪಾಟೀಲ ಸರ್ ನಿವೃತ್ತ ಹೈಸ್ಕೂಲ್ ಮಾಸ್ತರು. ಅವರನ್ನು ಬಡವರ ವಿರೋಧಿ ಎಂದು ಅವಸರದಲ್ಲಿ ತಳ್ಳಿಹಾಕಬೇಡಿ. ಹಿಂದೊಮ್ಮೆ ಯಾರೋ ದೊಡ್ಡವರು ಇದೇ ಜಾಗದ ರಸ್ತೆ ಬದಿಗೆ ಅಂಗಡಿ ಕಾಂಪ್ಲೆಕ್ಸ್ ಎಬ್ಬಿಸಲು ಹೊಂಚು ಹಾಕಿದ್ದರು. ಆಗ ಆಫೀಸಿನಿಂದ ಆಫೀಸಿಗೆ ಅಲೆದು ತಡೆದವರು ಇವರೇ. ಸುಡು ಬೇಸಿಗೆಯಲ್ಲಿ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ಹೋಗಿ ಬೇವಿನ ಸಸಿಗಳಿಗೆ ನೀರು ಹಾಕಿದವರೂ ಇವರೇ. ನಾವು? ಆ ನೆರಳಿನಲ್ಲಿ ಕೂತು ಬಿಸಿಲು ಬಹಳ ಎಂದು ಗೊಣಗಿದವರು.

ಇನ್ನು ಹುಸೇನಬಿ. ನನ್ನ ವಯಸ್ಸಿನವಳೇ, ರೊಟ್ಟಿ ಬಡಿದು ಮನೆಮನೆಗೆ ಕೊಡುತ್ತಾಳೆ. ಆಕೆಯ ಗಂಡ ಗೌಂಡಿ, ಊರಿನವರಿಗೆಲ್ಲ ಮನೆ ಕಟ್ಟುತ್ತಾನೆ. ಅವರದು ಮಾತ್ರ ಬಾಡಿಗೆ ಮನೆ. ಅದೂ ಒಂದೇ ಕಡೆ ನಿಂತದ್ದಲ್ಲ.

"ಒಲಿ ಹೊಗಿ ಆಗಿ ಬರೂದಿಲ್ಲ ಅಂತಾರ ಮಾಲಕರು. ಹೊತ್ತ ಹೊಂಡೂಕ ಮೊದ್ಲ ರೊಟ್ಟಿ ಬಡಿಯೂ ಸಪ್ಪಳಕ್ಕ ನಿದ್ದಿ ಕೆಡ್ತೈತಂತ. ಬಿಡ್ರಿ ಅಂದ್ರ ಬಿಡೂದರಿ. ಹೊಸಾ ಮನಿಗೆ ಹ್ವಾದಲ್ಲಿ ಬಾಡಿಗಿ ಮತ್ತ ಜಾಸ್ತಿ," ಅಂದಳು.

ಪಾಟೀಲ ಸರ್ ಕೆಮ್ಮಿದರು. "ನಿಮಗ ಮನಿ ಬ್ಯಾಡ ಅನ್ನೂದಿಲ್ಲವ್ವಾ ನಾವು. ಬೈಪಾಸ್ ಆಚಿ ಕೊಡ್ಲಿ. ಅಲ್ಲಿ ಬೇಕಾದಷ್ಟು ಜಾಗಾ ಐತಿ."

"ಅಲ್ಲಿಂದ ರೊಟ್ಟಿ ಹೊತ್ಕೊಂಡ ಹೆಂಗ ಬರ್ಲಿ ಸರ? ನೀವು ಬಿಸಿ ರೊಟ್ಟೀನ ಬೇಕಂತೀರಿ."

ಬಡವರಿಗೆ ಮನೆ ಆಗಲೇಬೇಕು, ಆದರೆ ನಮ್ಮ ಕಿಟಕಿಯಿಂದ ಕಾಣಬಾರದು. ಇದು ಬರೀ ನಮ್ಮ ಓಣಿಯ ನಿಲುವು ಎಂದುಕೊಂಡಿರಾ?

ಮೂಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದ ನಮ್ಮ ಅತ್ತೆ ಮೊರ ಕೆಳಗಿಟ್ಟರು. ಅವರು ಕೊಲ್ಹಾರದ ಕಡೆಯವರು. ಅವರ ಹುಟ್ಟೂರು ಈಗ ಕೃಷ್ಣೆಯ ಹಿನ್ನೀರಿನ ಕೆಳಗಿದೆ.

"ನಮ್ಮೂರು ಮುಳುಗಿದಾಗ ನಮಗ ಜಾಗಾ ಕೊಟ್ಟದ್ದೂ ಗಾಯರಾಣದಾಗ. ಮಗ್ಗಲದ ಊರಿಂದು. ಆ ಊರ ಮಂದಿ ಅಡ್ಡ ನಿಂತಿದ್ರು. ನನಗ ಸಿಟ್ಟು ಬಂದಿತ್ತು, ನಾವೇನು ನೀರಾಗ ಸಾಯಬೇಕೇನು ಅಂತ. ಮನಿ ಕಟಗೊಂಡ್ವಿ. ಮುಂದ ಸ್ವಲ್ಪ ದಿನಕ್ಕ, ಮೇಯಸಾಕ ಜಾಗಾ ಇಲ್ಲಂತ ಅವ್ರು ಆಕಳಾ ಎಮ್ಮಿ ಮಾರಾಕತ್ತಿದ್ರು. ಅವಾಗ ಅವ್ರ ಸಂಕಟ ತಿಳೀತು."

"ಹಂಗಾದ್ರ ನೀವು ಯಾರ ಕಡೆ ಅದೀರಿ ಅಮ್ಮಾರ?" ಪಾಟೀಲ ಸರ್ ಕೇಳಿದರು.

"ನಾ ಎರಡೂ ಕಡೆ ನೋಡಿ ಬಂದಾಕಿ. ಅವಾಗ ನಮ್ಮನ್ನೂ ಯಾರೂ ಕೇಳಲಿಲ್ಲ, ಅವ್ರನ್ನೂ ಕೇಳಲಿಲ್ಲ. ಇಲ್ಲಿ ಇಬ್ರೂ ಒಂದ ಪಡಸಾಲ್ಯಾಗ ಅದೀರಲ್ಲ. ಕುಂತ ಮಾತಾಡ್ರಿ."

ಅವತ್ತು ಸಹಿ ಆಗಲಿಲ್ಲ. ಹುಸೇನಬಿ ಮೊದಲ ಸಲ ನಮ್ಮ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದಳು.

ಮರುದಿನ ಬೆಳಿಗ್ಗೆ ಪಾಟೀಲ ಸರ್, ಹುಸೇನಬಿ, ನಾನು ಮೈದಾನ ಸುತ್ತಿದೆವು. ಅಲ್ಲೊಬ್ಬ ಹುಡುಗಿ ದಿನಾ ಓಡುತ್ತಾಳೆ. ಪೊಲೀಸ್ ಭರ್ತಿಗೆ ತಯಾರಿ. ನಮಗೆಲ್ಲ ಆಕೆಯ ಮುಖ ಗೊತ್ತು, ಪಾಟೀಲ ಸರ್ ಅಂತೂ ಆಕೆಯನ್ನು ಕಂಡಾಗಲೆಲ್ಲ 'ಶಾಭಾಷ್' ಎಂದು ಕೂಗುತ್ತಾರೆ. ಅವತ್ತೂ ಕೂಗಿದರು.

"ನನ್ನ ಮಗಳರಿ, ಶಾಹೀನ," ಅಂದಳು ಹುಸೇನಬಿ.

ಸರ್ ಅಲ್ಲೇ ನಿಂತರು. "ಹೌದಾ? ನಾ ಎಂದೂ ಕೇಳಲೇ ಇಲ್ಲಲ್ಲವ್ವಾ."

"ಈ ಮೈದಾನ ನಮಗೂ ಬೇಕ್ರಿ ಸರ. ಪೂರಾ ಮನಿ ತುಂಬಿದ್ರ ಇಕಿ ಎಲ್ಲಿ ಓಡಬೇಕು?"

ಆಮೇಲಿನ ಮಾತು ಸಲೀಸಾಯಿತು. ಕಾಂಪ್ಲೆಕ್ಸಿಗೆ ಯೋಚಿಸಿದ್ದ ರಸ್ತೆ ಬದಿಯ ಪಟ್ಟಿಯಲ್ಲಿ ಮನೆಗಳಾಗಲಿ. ಬೇವಿನ ಮರಗಳೂ ಹಿಂದಿನ ಬಯಲೂ ಎಲ್ಲರಿಗೂ ಉಳಿಯಲಿ. ಪಾರ್ಕ್ ಮಾಡಿ ಟಿಕೆಟ್ ಇಡುವುದು ಬೇಡ, ಗೋಡೆಯೂ ಬೇಡ. ಪಾಟೀಲ ಸರ್ ಹಳೆಯ ಮನವಿ ಹರಿದು ಹೊಸದು ಬರೆದರು.

ಎಲ್ಲರೂ ಒಪ್ಪಿದರೆಂದು ಬರೆದರೆ ನೀವು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಓಣಿಯ ಒಬ್ಬರು ಮುಖಕ್ಕೇ ಹೇಳಿದರು, "ನಮ್ಮ ಪ್ಲಾಟಿನ ರೇಟ್ ಬೀಳ್ತೈತ್ರಿ. ನಾ ಸಹಿ ಮಾಡಾಂವಲ್ಲ." (ಪರಿಸರ, ಆಮ್ಲಜನಕ ಎಂದೆಲ್ಲ ಸುತ್ತಿ ಬಳಸದೆ ನಿಜ ಹೇಳಿದ ಅವರಿಗೆ ನನ್ನ ನಮಸ್ಕಾರ.) ಜಾಗ ಉಳಿಸಲು ಮಹಡಿ ಮನೆ ಕಟ್ಟಿದರೆ ಹೇಗೆ ಎಂಬ ಮಾತು ಬಂತು. ಅದಕ್ಕೆ ಹುಸೇನಬಿಯಂತೆ ಮನೆ ಕೇಳುತ್ತಿದ್ದ ಹೆಣ್ಣುಮಕ್ಕಳೇ ತಿರುಗಿಬಿದ್ದರು. "ಮ್ಯಾಲಿನ ಮನ್ಯಾಗ ಕಟಗಿ ಒಲಿ ಹೆಂಗ ಹಚ್ಚೂದ್ರಿ? ನೀವ ಇರ್ರಿ ಅಲ್ಲಿ!" ಆ ಸಿಟ್ಟು ನ್ಯಾಯವಾದದ್ದೇ. ಮಹಡಿ ಯೋಚನೆ ಕೈಬಿಟ್ಟೆವು.

ಕಚೇರಿಗೆ ಎಲ್ಲರೂ ಜೊತೆಯಾಗಿ ಹೋದೆವು. ಸಾಹೇಬರಿಗೆ ಅಚ್ಚರಿ. ಸಾಮಾನ್ಯವಾಗಿ ಒಂದು ಗುಂಪು 'ಬೇಕು' ಎಂದು ಬರುತ್ತದೆ, ಇನ್ನೊಂದು 'ಬೇಡ' ಎಂದು ಬರುತ್ತದೆ. ಎರಡೂ ಒಂದೇ ಟಂಟಂ ಆಟೋದಲ್ಲಿ ಬಂದು ಇಳಿದದ್ದನ್ನು ಅವರು ಕಂಡಿರಲಿಲ್ಲ. ಓಡಾಟ ತಿಂಗಳುಗಟ್ಟಲೆ ನಡೆಯಿತು. ಕಡೆಗೂ ಒಪ್ಪಿಗೆ ಸಿಕ್ಕಿತು, ರಸ್ತೆ ಬದಿಗೆ ಗುರುತಿನ ಕಲ್ಲು ಬಿದ್ದವು. ಬಯಲು ಬಯಲಾಗಿಯೇ ಉಳಿಯಿತು. ಓಣಿಯಲ್ಲಿ ಪೇಢೆ ಹಂಚಿದೆವು.

ಆದರೆ ರಸ್ತೆ ಬದಿಯ ಆ ಜಾಗ ಸಣ್ಣದು. ಅರ್ಜಿ ಹಾಕಿದವರು ಬಹಳ. ಮೊದಲಿನ ಯೋಜನೆಯಂತೆ ಇಡೀ ಮೈದಾನವಾಗಿದ್ದರೆ ಎಲ್ಲರಿಗೂ ಸಾಲುತ್ತಿತ್ತು. ಈಗ ಅರ್ಧಕ್ಕರ್ಧ ಮಂದಿಗಷ್ಟೇ. ಹೋದ ವಾರ ಎಲ್ಲರೆದುರು ಚೀಟಿ ಎತ್ತಿದರು. ಮೋಸವಿಲ್ಲ, ಮಸಲತ್ತಿಲ್ಲ.

ಹುಸೇನಬಿಯ ಹೆಸರು ಬರಲಿಲ್ಲ.

ಮರುದಿನ ಆಕೆ ಎಂದಿನಂತೆ ಬಂದಳು. ನಾನು ತಲೆ ತಗ್ಗಿಸಿ ರೊಟ್ಟಿ ಎಣಿಸಿಕೊಂಡೆ. ಆಕೆಯೇ ಅಂದಳು, "ಇರ್ಲಿ ಬಿಡ್ರಿ ಅಕ್ಕಾರ. ಹೆಸರು ಬಂದಾವ್ರೂ ನಮ್ಮವ್ರ ಅದಾರ. ಶಾಹೀನಗ ಓಡಾಕ ಜಾಗಾ ಉಳೀತಲ್ಲ." ಅಷ್ಟು ಹೇಳುವಷ್ಟರಲ್ಲಿ ಆಕೆಯ ದನಿ ಒಡೆಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಮುಂದಿನ ಮನೆಗೆ ಹೋದಳು. ಅತ್ತೆ ಆಕೆ ಹೋದ ದಾರಿಯನ್ನೇ ನೋಡುತ್ತ ಕುಳಿತರು.

ಪಾಟೀಲ ಸರ್ ಸುಮ್ಮನೆ ಕೂರಲಿಲ್ಲ. ಊರ ನಡುವೆ ಹಾಳುಬಿದ್ದ ಸರಕಾರಿ ಕ್ವಾರ್ಟರ್ಸ್ ಇವೆ, ಉಳಿದವರಿಗೆ ಅಲ್ಲಿ ಯಾಕೆ ಕೊಡಬಾರದು ಎಂದು ಮತ್ತೆ ಕಚೇರಿ ಮೆಟ್ಟಿಲು ಹತ್ತಲು ಶುರು ಮಾಡಿದ್ದಾರೆ. ಜೊತೆಗೆ ಹುಸೇನಬಿಯೂ ಹೋಗುತ್ತಾಳೆ, ರೊಟ್ಟಿ ಕೆಲಸ ಮುಗಿಸಿ. ಆಗುತ್ತದೋ ಇಲ್ಲವೋ, ಗೊತ್ತಿಲ್ಲ.

ಓಣಿಯ ನಾವು ಮಾತ್ರ 'ಎಲ್ಲರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟೆವು, ಅದಕ್ಕೇ ಕೆಲಸ ಸಲೀಸಾಯಿತು' ಎಂದು ಬಂದವರೆದುರು ಹೇಳಿಕೊಳ್ಳುತ್ತಿದ್ದೇವೆ. ಒಂದು ದಿನವೂ ನಮ್ಮ ವಾಕಿಂಗ್ ತಪ್ಪಿಲ್ಲ, ಒಂದು ಮರದ ನೆರಳೂ ಕಡಿಮೆಯಾಗಿಲ್ಲ.

ಹಾಗಾದರೆ, ಬಿಟ್ಟುಕೊಟ್ಟವರು ಯಾರು?