ನನ್ನವಳ ಮೂಗು, ಸ್ಪೇನಿನ ಕೆಂಪು ವೈನು

ಪಕ್ಕದ ಮನೆಯಲ್ಲಿ ಹಾಲು ಸೀದರೂ ನನ್ನ ಹೆಂಡತಿಗೆ ಗೊತ್ತಾಗುತ್ತದೆ. ಅಷ್ಟು ಚುರುಕು ಅವಳ ಮೂಗು. ಅದರಿಂದಾಗಿ ನಾನು ಹೊಟ್ಟೆಕಿಚ್ಚಿನಲ್ಲಿ ಬೇಯಬೇಕಾದೀತೆಂದು ಎಣಿಸಿರಲಿಲ್ಲ.

ಹೋದ ವರ್ಷ ಅವಳು ಅಮೆರಿಕದಲ್ಲಿ ನಾವಿರುವ ಊರು ಶೋರ್‌ಲೈನ್‌ನಲ್ಲಿ ವೈನ್ ರುಚಿ ನೋಡುವ ಕ್ಲಾಸಿಗೆ ಸೇರಿದಳು. ಬೇಸಿಗೆಯ ಒಂದು ಸಂಜೆ ಅವಳ ಮೇಷ್ಟ್ರು ಎಲ್ಲರನ್ನೂ ಸಂಸಾರ ಸಮೇತ ಮನೆಗೆ ಕರೆದರು. ನಾನು ಹತ್ತಿರದ ಊರು ಎವರೆಟ್‌ನಲ್ಲಿ ಕೆಲಸ ಮುಗಿಸಿ ನೇರವಾಗಿ ಅಲ್ಲಿಗೇ ಹೋದೆ. ಮೇಷ್ಟ್ರೆಂದರೆ ಮುದುಕರಿರಬೇಕು ಎಂದುಕೊಂಡಿದ್ದೆ. ನೋಡಿದರೆ ಅಮೆರಿಕದವನು, ನನ್ನದೇ ವಯಸ್ಸು, ತಲೆತುಂಬ ಕೂದಲು ಬೇರೆ.

ಅವನು ಸ್ಪೇನಿನ ಕೆಂಪು ವೈನ್ ಬಗ್ಗಿಸಿಕೊಟ್ಟ. ಬಹಳ ಹಳೆಯ ದ್ರಾಕ್ಷಿ ಬಳ್ಳಿಗಳಂತೆ, ಬಿಡುವುದು ನಾಲ್ಕೇ ಗೊಂಚಲಾದರೂ ರಸ ಗಟ್ಟಿಯಂತೆ. ಹೊಸ ಓಕ್ ಮರದ ಪೀಪಾಯಿಯಲ್ಲಿಟ್ಟು ಈಗಿನವರ ನಾಲಿಗೆಗೆ ಹಿಡಿಸುವ ಹಾಗೆ ಮಾಡಿದ್ದಂತೆ. ನನಗೆ ಸಿಕ್ಕಿದ್ದು ಬರೀ ಘಾಟು. ಅವಳು ಗ್ಲಾಸಿಗೆ ಮೂಗಿಟ್ಟು ಕಣ್ಣು ಮುಚ್ಚಿದಳು.

“ರೀ, ನೇರಳೆ ಹಣ್ಣಿಗೆ ಇಂಗ್ಲಿಷಲ್ಲಿ ಏನಂತಾರೆ?”

“ಗೊತ್ತಿಲ್ಲ” ಎಂದೆ.

ಅದ್ಯಾವ ಹಣ್ಣು ಎಂದು ಅವನು ಬಿಡಲಿಲ್ಲ. ಬಣ್ಣ ಹೇಗಿರುತ್ತದೆ, ತಿಂದರೆ ಬಾಯಿ ಏನಾಗುತ್ತದೆ ಎಂದು ಒಂದೊಂದಾಗಿ ಕೇಳಿದ. ಅವಳು ಇಂಗ್ಲಿಷಿನಲ್ಲಿ ತಡವರಿಸುತ್ತಲೇ ಹೇಳಿದಳು. ನಾಲಿಗೆ ನೀಲಿಯಾಗುವುದು, ಆ ಒಗರು, ಸ್ಕೂಲಿನ ಮುಂದೆ ಉಪ್ಪು ಹಾಕಿ ಮಾರುತ್ತಿದ್ದುದು. ಕೊನೆಗೆ, ಬೆಂಕಿಗೆ ಬಿದ್ದ ತೆಂಗಿನ ಚಿಪ್ಪಿನ ಹೊಗೆ. ಅವನು ಮತ್ತೊಮ್ಮೆ ಮೂಸಿ, “ಹೌದು, ಹೊಗೆ!” ಎಂದು ಕೂಗಿದ. ಇಬ್ಬರೂ ನಕ್ಕರು. ಪಕ್ಕದಲ್ಲೇ ಕೂತಿದ್ದ ನಾನು ಅವರಿಬ್ಬರಿಗೂ ಕಾಣದವನಾಗಿದ್ದೆ.

ಕಾರಿನಲ್ಲಿ ತಡೆಯಲಾಗಲಿಲ್ಲ. “ಅವನ ಜೊತೆ ಅಷ್ಟೊಂದು ಏನು ನಗೋದು?”

“ಅವ್ರು ಕೇಳಿದ್ರು, ಹೇಳ್ದೆ. ನೀವು ಯಾವತ್ತಾದ್ರೂ ಕೇಳಿದೀರಾ?”

ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದೆ.

ಆ ಶನಿವಾರ ಅದೇ ವೈನನ್ನು ಹುಡುಕಿ ತಂದೆ. ಅವಳು ತರಕಾರಿ ತರಲು ಹೋಗಿದ್ದಾಗ ಒಬ್ಬನೇ ಕೂತು ಮೂಸಿ ಮೂಸಿ ಸುಸ್ತಾದೆ. ಅವಳು ಬಂದು ಬಾಗಿಲಲ್ಲಿ ನಿಂತಿದ್ದು ತಿಳಿಯಲಿಲ್ಲ.

“ಹಾಗೆ ಜೋರಾಗಿ ಎಳೀಬೇಡಿ, ನಿಧಾನ” ಎನ್ನುತ್ತ ಚೀಲ ಇಟ್ಟು ಗ್ಲಾಸು ತೆಗೆದುಕೊಂಡಳು.

“ನಿಂಗೇನ್ ಸಿಗ್ತಿದೆ, ಹೇಳು.”

ಹೇಳಿದಳು. ತರಕಾರಿ ಚೀಲದಲ್ಲೇ ಉಳಿಯಿತು. ವೈನ್ ನನಗೆ ಆಗಲೂ ಘಾಟಾಗಿಯೇ ಇತ್ತು. ಆದರೆ ಮಾತಾಡುವಾಗ ಅವಳ ಮುಖ ಎಷ್ಟು ಚೆನ್ನಾಗಿರುತ್ತದೆಂದು ನೋಡಿದೆ. ಅದನ್ನು ಅವನು ನನಗಿಂತ ಮೊದಲು ನೋಡಿದ್ದಾನೆ ಎಂಬುದೂ ಜೊತೆಗೇ ನೆನಪಾಯಿತು.

ಕ್ಲಾಸು ಇನ್ನೂ ನಡೆಯುತ್ತಿದೆ. ಕ್ಲಾಸಿರುವ ಗುರುವಾರ ಬೆಳಗ್ಗೆಯಿಂದಲೇ ನನ್ನ ಮುಖ ಊದಿಕೊಂಡಿರುತ್ತದೆಂದು ಅವಳು ರೇಗಿಸುತ್ತಾಳೆ. ಆದರೂ ಅವಳನ್ನು ನಾನೇ ಕಾರಿನಲ್ಲಿ ಬಿಟ್ಟು ಬರುತ್ತೇನೆ.