ಕ್ರೀಮಿನ ಡಬ್ಬಿ ಓದಿದ ಪಂಡಿತೆ

ರಸಾಯನಶಾಸ್ತ್ರದಲ್ಲಿ ಪದವಿ ಪಡೆದ ಮೇಲೆ ನನಗೊಂದು ಚಟ ಅಂಟಿಕೊಂಡಿತು: ಯಾವ ಡಬ್ಬಿ ಕೈಗೆ ಸಿಕ್ಕರೂ ಅದರ ಬೆನ್ನು ತಿರುಗಿಸಿ ಓದುವುದು. ಏನು ಬೆರೆಸಿದ್ದೀರಿ, ಎಷ್ಟು ಬೆರೆಸಿದ್ದೀರಿ ಎಂದು ಮಾರುವವರನ್ನು ಕೇಳುವುದು ಸ್ವತಂತ್ರ ದೇಶದ ಪ್ರಜೆಯ ಹಕ್ಕೆಂದು ಪತ್ರಿಕೆಗಳಿಗೆ ಬರೆದವಳು ನಾನು. ಈಗಲೂ ಹಾಗೆಯೇ ನಂಬಿದ್ದೇನೆ. ಆದರೆ ಅದನ್ನು ಮೊದಲಿನಷ್ಟು ಗಟ್ಟಿಯಾಗಿ ಹೇಳಲು ನಾಚಿಕೆಯಾಗುತ್ತದೆ.

ನಾವಿದ್ದ ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚು, ನೆರಳು ಕಡಿಮೆ. ಬಿಸಿಲಿಗೆ ತಂಗಿ ಸರೋಜಳ ಕೆನ್ನೆಯ ಮೇಲೆ ಕಪ್ಪು ಮಚ್ಚೆಗಳೆದ್ದಾಗ ಅಮ್ಮ ಹೆಸರುಹಿಟ್ಟು, ಕಸ್ತೂರಿ ಅರಿಶಿನ, ಹಾಲಿನ ಕೆನೆ ಕಲಸಿದರು. ನಾನು ದಂಡು ಪ್ರದೇಶದ, ಅಂದರೆ ಕಂಟೋನ್ಮೆಂಟಿನ, ಅಂಗಡಿಯೊಂದರಿಂದ ವಿಲಾಯಿತಿ ಕ್ರೀಮು ತಂದೆ. ಹಾಳೆಯ ನಡುವೆ ಗೆರೆ ಎಳೆದು ಎರಡರ ಪದಾರ್ಥಗಳನ್ನೂ ಎದುರುಬದುರು ಬರೆದೆ. ಅಮ್ಮನ ಕಡೆ ಮೂರು. ನನ್ನ ಕಡೆ ಏಳು, ಅದೂ ಲ್ಯಾಟಿನ್ ಗತ್ತಿನವು. ಹೋಲಿಕೆಯೆಂದರೆ ಎಣಿಕೆ ಎಂದುಕೊಂಡಿದ್ದೆನೋ ಏನೋ, ಕ್ರೀಮೇ ಮೇಲೆಂಬ ತೀರ್ಪು ತಕ್ಷಣ ಹೊರಬಿತ್ತು, ಸರೋಜ ಅದನ್ನೇ ಹಚ್ಚಿಕೊಳ್ಳತೊಡಗಿದಳು. ಆ ಏಳರಲ್ಲೊಂದು ಪಾದರಸದ ಲವಣ. ಅದನ್ನು ಸ್ಫುಟವಾಗಿ ಓದಿ ಹೇಳಿದವಳೂ ನಾನೇ.

ತಿಂಗಳೊಳಗೆ ಸರೋಜಳ ಚಿನ್ನದ ಮೂಗುಬೊಟ್ಟು ಬೂದುಬಣ್ಣಕ್ಕೆ ತಿರುಗಿತು. ಅದನ್ನು ಮಾಡಿದ್ದ ತಿಲಕ್ ನಗರದ ಮುದಿ ಅಕ್ಕಸಾಲಿ ಆಚಾರ್ರು ಬೆರಕೆ ಚಿನ್ನ ಕೊಟ್ಟಿದ್ದಾರೆಂದು ತೀರ್ಮಾನಿಸಿ, ತಂಗಿಯನ್ನೂ ಎಳೆದುಕೊಂಡು ಅವರ ಅಂಗಡಿಗೆ ನುಗ್ಗಿದೆ. ತಾಮ್ರ ಎಷ್ಟು ಸೇರಿಸಿದ್ದೀರಿ ಹೇಳಿ ಎಂದು ಮೂವರು ಗಿರಾಕಿಗಳ ಮುಂದೆ ಉಪನ್ಯಾಸವನ್ನೇ ಮಾಡಿದೆ. ಅವರಲ್ಲಿ ಸುದ್ದಗುಂಟೆಪಾಳ್ಯದ ಹೆಂಗಸೊಬ್ಬರು ಕರಗಿಸಲು ಕೊಟ್ಟಿದ್ದ ಬಳೆಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ಹೊರಟೇಹೋದರು.

ಆಚಾರ್ರು ಮೂಗುಬೊಟ್ಟು ಬಿಚ್ಚಿಸಿ ಕೆಂಡದ ಮೇಲೆ ಹಿಡಿದರು. ಬೂದುಬಣ್ಣ ಹಾರಿ ಹಳದಿ ಮರಳಿತು. ಆಮೇಲೆ ಸರೋಜಳ ಮೂಗಿನ ಪಕ್ಕ ಕೆಂಪಾಗಿ ಸುಲಿದಿದ್ದ ಚರ್ಮವನ್ನು ನೋಡಿದರು.

"ಚಿನ್ನ ಚೆನ್ನಾಗೇ ಐತಮ್ಮ. ಮಗು ಮುಖಕ್ಕೆ ಪಾದರಸ ಏನಾದ್ರೂ ಹಚ್ಕೊಂತಾ ಐತಾ? ಪಾದರಸದಲ್ಲಿ ಚಿನ್ನ ಕಲಸಿ ಗಿಲೀಟು ಹಾಕೋ ನಾವೇ ಅದನ್ನ ಬರಿ ಕೈಲಿ ಮುಟ್ಟಲ್ಲ."

ನಾನು ಬಾಯಿ ತೆರೆಯುವ ಮೊದಲೇ ಸರೋಜ ತಣ್ಣಗೆ ಹೇಳಿದಳು: "ಡಬ್ಬಿ ಮೇಲೇ ಬರ್ದಿತ್ತು ತಾತ. ಅಕ್ಕ ಓದಿದ್ಲು."

ಕಾಲೇಜಿನ ಪ್ರಯೋಗಶಾಲೆಯಲ್ಲಿ ಪಾದರಸ ಹೊರತೆಗೆದ ದಿನ ನಾವು ಹುಡುಗಿಯರು ಬಳೆ, ಉಂಗುರ ಬಿಚ್ಚಿಡುತ್ತಿದ್ದೆವು, ಚಿನ್ನ ಕೆಡುತ್ತದೆಂದು. ಬಂಗಾರಕ್ಕೆ ತೋರಿದ ಆ ಎಚ್ಚರವನ್ನು ತಂಗಿಯ ಕೆನ್ನೆಗೆ ತೋರದೆ ಹೋದೆ.

ಕ್ರೀಮು ಅಂದೇ ಕಸಕ್ಕೆ ಹೋಯಿತು. ಕೆನ್ನೆ ತಿಳಿಯಾಗಲು ತಿಂಗಳುಗಳೇ ಬೇಕಾದವು. ತಯಾರಕರಿಗೆ ಉಗ್ರವಾದ ಪತ್ರ ಬರೆದೆ. ವಿಷವನ್ನು ಸೌಂದರ್ಯವೆಂದು ಮಾರುವವರಿಗೆ ಬರೆಯಲೇಬೇಕು. ಆದರೆ ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ ಎಂಬ ವಾಕ್ಯವನ್ನು ಪತ್ರದಲ್ಲಿ ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಅದಕ್ಕಿಂತ ಕಷ್ಟದ ಕೆಲಸ ಸುದ್ದಗುಂಟೆಪಾಳ್ಯದಲ್ಲಿತ್ತು. ಬಳೆಯ ಹೆಂಗಸಿನ ಮನೆ ಹುಡುಕಿಕೊಂಡು ಹೋಗಿ, ಆಚಾರ್ರ ಚಿನ್ನ ಅಪ್ಪಟ, ತಪ್ಪು ನನ್ನದು ಎಂದೆ. ಆಕೆ ಮೊರದಿಂದ ತಲೆಯೆತ್ತದೆ ಕೇಳಿದರು: "ನನ್ನ ಹಟ್ಟೀಲಿ ಹೇಳಿದ್ರೆ ಏನ್ ಬಂತಮ್ಮ? ನಾಳೆ ಬಳೆ ತಗಂಡ್ ಹೋಗ್ತೀನಿ. ನೀವೂ ಬನ್ನಿ, ಅಲ್ಲೇ ಹೇಳಿ."

ಹೋದೆ. ಅಂದು ಅಂಗಡಿಯಲ್ಲಿ ಗಿರಾಕಿಗಳು ಮೂವರಲ್ಲ, ಐವರು; ಎಲ್ಲರೆದುರೂ ಹೇಳಿದೆ. ಹೆಚ್ಚಿಗೆ ಬಂದ ಇಬ್ಬರ ಬಗ್ಗೆ ತಕರಾರೆತ್ತುವ ಹಕ್ಕು ನನಗಿರಲಿಲ್ಲ.