ರೋಷದ ಕಿವಿ

ಭಾನುವಾರ ನಮ್ಮ ನಾಯಿ ಶೆಲ್ಟರಿನ ಫೋನು ಎತ್ತುವ ಕೆಲಸ ನನ್ನದು. ವಾರವೆಲ್ಲ ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯೊಂದರಲ್ಲಿ ಮೆಷಿನ್ನಿನ ಸದ್ದು ಕೇಳಿಸಿಕೊಂಡು, ರಜೆಯ ದಿನ ಬೀದಿನಾಯಿಗಳ ಸದ್ದು ಕೇಳಲು ಬರುವವನ ಬುದ್ಧಿಯ ಬಗ್ಗೆ ನಮ್ಮಮ್ಮನಿಗೆ ಮೊದಲಿನಿಂದಲೂ ಅನುಮಾನವಿದೆ. ಸಂಬಳವಿಲ್ಲ. ಟೀ ಕೊಡುತ್ತಾರೆ, ಅದರಲ್ಲೂ ನಾಯಿಕೂದಲು.

ಫೋನು ನನ್ನ ಕೈಗೆ ಕೊಟ್ಟವರು ಮೇಡಂ. ಮೇಡಂ ಅಂದರೆ ಶೆಲ್ಟರ್ ನಡೆಸುವವರು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಎಲ್ಲ ನಾಯಿಗಳನ್ನೂ ‘ಬಂಗಾರ’ ಅಂತಲೇ ಕರೆಯುತ್ತಾರೆ, ಎಲ್ಲ ಮನುಷ್ಯರನ್ನೂ ಕೊನೇ ಬೆಂಚಿನವರನ್ನು ನೋಡಿದ ಹಾಗೆ ನೋಡುತ್ತಾರೆ. ಯಾರ ಜತೆ ಬೇಕಾದರೂ ಅವರ ಧಾಟಿಯಲ್ಲೇ ಮಾತಾಡುತ್ತೇನೆ ಅನ್ನುವುದೇ ನನ್ನ ಅರ್ಹತೆ. ಮೇಡಂ ಬಕೆಟ್ ಕೇಳುವ ದನಿಯನ್ನು ನಾನು ಎಷ್ಟು ಚೆನ್ನಾಗಿ ಅನುಕರಿಸುತ್ತೇನೆಂದರೆ, ಒಂದು ಸಲ ನಾಯಿಗಳನ್ನು ನೋಡಲು ಬರುವ ಡಾಕ್ಟರೇ ಹೆದರಿ ಬಕೆಟ್ ತಂದುಕೊಟ್ಟರು. ನನ್ನನ್ನೂ ನಾನು ಬಿಡುವುದಿಲ್ಲ. ಶೆಲ್ಟರಿಗೆ ಕಾಲೇಜು ಹುಡುಗಿಯರು ಬಂದರೆ ನನ್ನ ದನಿ ತಾನಾಗಿಯೇ ದಪ್ಪಗಾಗಿ ರೇಡಿಯೋದವನ ದನಿಯಾಗುತ್ತದೆ. ಅವರು ಹೋದ ಮೇಲೆ ಅದನ್ನೂ ಮಾಡಿ ತೋರಿಸುತ್ತೇನೆ. ಇದರಿಂದ ಆಗಿರುವ ನಷ್ಟ ಒಂದೇ: ನಾನು ನಿಜ ಹೇಳಿದಾಗಲೂ ಜನ ನಗುವುದಕ್ಕೆ ಕಾಯುತ್ತಾರೆ.

ಫೋನು ಮಾಡುವವರ ಕಥೆ ಕೇಳಬೇಡಿ. ಗುಬ್ಬಿಯಾಚೆ ಹೆಲಿಕಾಪ್ಟರ್ ಫ್ಯಾಕ್ಟರಿಯಿರುವ ಬಿದರೆಹಳ್ಳಿ ಕಾವಲ್ ಹತ್ತಿರ ಮನೆ ಮಾಡಿರುವ ಒಬ್ಬರು ನಮ್ಮಿಂದ ಮರಿ ತಗೊಂಡು ಹೋಗಿದ್ದರು. ಈಗ ವಾಪಸ್ ಕೊಡುತ್ತಾರಂತೆ. ಯಾಕೆ ಅಂದರೆ, ಹೆಲಿಕಾಪ್ಟರ್ ಕಂಡರೆ ಬೊಗಳುತ್ತದಂತೆ. ನಾಯಿ ಇನ್ನೇನು ಮಾಡಬೇಕು ಸಾರ್, ಕೈ ಬೀಸಬೇಕಾ ಅಂತ ಕೇಳಿದೆ. ಅವರು ಗಂಭೀರವಾಗಿ, ಬೇರೆ ಯಾವುದಕ್ಕಾದರೂ ಬೊಗಳಲಿ ಅಂದರು. ಇನ್ನೊಬ್ಬರಿಗೆ ಬಿಳೀದೇ ಬೇಕು, ಗಂಡೇ ಬೇಕು, ಅದು ಶನಿವಾರ ಮೊಟ್ಟೆ ಕೇಳಬಾರದು. ಹುಟ್ಟುಹಬ್ಬದವರು ಬೇರೆ ಬರುತ್ತಾರೆ. ಬಿಸ್ಕತ್ತಿನ ಪೊಟ್ಟಣ ಒಡೆಯುತ್ತಾರೆ, ವಿಡಿಯೋ ಮಾಡಿಕೊಳ್ಳುತ್ತಾರೆ, ಹೋಗುವಾಗ ಖಾಲಿ ಪೊಟ್ಟಣ ನಮಗೆ, ಪುಣ್ಯ ಅವರಿಗೆ.

ಇಷ್ಟೆಲ್ಲ ಜನ ಬಂದುಹೋದರೂ ಯಾರಿಗೂ ಬೇಡವಾದ ಒಂದು ನಾಯಿ ನಮ್ಮಲ್ಲಿತ್ತು. ಕಂದು ಬಣ್ಣ, ಹೆಣ್ಣು. ಅಲ್ಲಿಗೆ ಮುಗಿಯಿತು. ನೋಡಲು ಬಂದವರು ‘ಹೆಣ್ಣಾ?’ ಅಂತ ಒಂದು ಮಾತು ಕೇಳಿ ಮುಂದಿನ ಗೂಡಿಗೆ ಹೋಗುತ್ತಿದ್ದರು. ಅದರ ಪುಕ್ಕಲುತನವಂತೂ ಹೇಳತೀರದು. ಅಳಿಲಿಗೆ ಹೆದರುತ್ತಿತ್ತು, ಪೊರಕೆಗೆ ಹೆದರುತ್ತಿತ್ತು, ತನ್ನದೇ ಬಾಲ ತಗಡಿಗೆ ಬಡಿದರೆ ಎದ್ದು ಓಡುತ್ತಿತ್ತು. ಬೊಗಳಿದ್ದನ್ನು ನಾವ್ಯಾರೂ ಕೇಳಿಲ್ಲ. ಊಟದ ಹೊತ್ತಿಗೆ ಉಳಿದ ನಾಯಿಗಳು ಅದನ್ನು ನೂಕಿಬಿಡುತ್ತಿದ್ದವು, ಅದು ನೂಕಿಸಿಕೊಂಡು ಮೂಲೆಯಲ್ಲಿ ಕೂರುತ್ತಿತ್ತು. ಒಂದು ಮನೆ ಅಂತ ಸಿಗದೆ ಇದ್ದರೆ ಇದು ಇಲ್ಲೇ ಸೊರಗಿ ಹೋಗುತ್ತೆ ಕಣೋ ಅಂತ ಮೇಡಂ ಹೇಳುತ್ತಿದ್ದರು. ಪಕ್ಕೆಲುಬು ಆಗಲೇ ಕಾಣುತ್ತಿತ್ತು.

ಹೀಗಿರುವಾಗ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಯಿಂದ ತೆಂಗಿನ ತೋಟದ ಯಜಮಾನರೊಬ್ಬರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಟವಲ್ಲು. ಕುಣಿದಾಡುತ್ತಿದ್ದ ನಾಯಿಗಳನ್ನೆಲ್ಲ ದಾಟಿಕೊಂಡು ಹೋಗಿ, ಮೂಲೆಯಲ್ಲಿ ನಡುಗುತ್ತಿದ್ದ ನಮ್ಮ ಕಂದುನಾಯಿಯ ಮುಂದೆ ನಿಂತರು. ಮುಖ ನೋಡಲಿಲ್ಲ, ಗಂಡೋ ಹೆಣ್ಣೋ ಕೇಳಲಿಲ್ಲ. ನೋಡಿದ್ದು ಎಡಗಿವಿ. ಇದೇ ಆಗಬೇಕು ಅಂದರು.

ಆ ಕಿವಿಯ ತುದಿ ಇಲ್ಲ. ಮರಿಯಾಗದ ಹಾಗೆ ಆಪರೇಷನ್ ಮಾಡಿದ ಬೀದಿನಾಯಿಯನ್ನು ಮತ್ತೊಮ್ಮೆ ಹಿಡಿದು ತರದಿರಲಿ ಅಂತ, ಅರಿವಳಿಕೆಯಲ್ಲಿ ಇರುವಾಗಲೇ ಕಿವಿಯ ತುದಿ ಕತ್ತರಿಸುತ್ತಾರೆ. ಅದೊಂದು ಗುರುತು, ಅಷ್ಟೆ. ಆದರೆ ನಮ್ಮ ಹಳ್ಳಿಗಳ ಕಡೆ ಮರಿಯ ಕಿವಿ ಕತ್ತರಿಸುವುದು ಬೇರೆಯದಕ್ಕೆ: ಹಾಗೆ ಮಾಡಿದರೆ ನಾಯಿಗೆ ರೋಷ ಬರುತ್ತದೆ ಅಂತ. ಯಜಮಾನರ ಕಣ್ಣಿಗೆ ನಮ್ಮ ಪುಕ್ಕಲಿ ಹುಲಿಯಾಗಿ ಕಂಡಿತ್ತು.

ನಾನು ಆಪರೇಷನ್ ವಿಷಯ ವಿವರಿಸಿದೆ. ಡಾಕ್ಟರ್ ಹೇಳುವ ಹಾಗೇ, ಅವರ ಕೆಮ್ಮಿನ ಸಮೇತ ಹೇಳಿದೆ. ಯಜಮಾನರು ಮನಸಾರೆ ನಕ್ಕರು, ಒಂದು ಮಾತೂ ನಂಬಲಿಲ್ಲ. ಅಳಿಲಿನ ವಿಷಯ ಹೇಳಿದೆ, ಇನ್ನೂ ನಕ್ಕರು. ನಾನು ಹೀಗಳೆದಷ್ಟೂ ಅವರ ಆಸೆ ಹೆಚ್ಚಾಯಿತು. ಕೊನೆಗೆ ಮೇಡಂ ಕಡೆ ತಿರುಗಿ ನನ್ನ ಮೇಲೆ ದೂರು ಕೊಟ್ಟರು: “ಈ ಹುಡ್ಗುಂಗೆ ಇದ್ನ ಬುಟ್ಕೊಡಾಕೆ ಮನ್ಸಿಲ್ಲ ಕಣಮ್ಮ. ಮಾರಾಕೆ ಮನ್ಸಿಲ್ದೋನು ಎತ್ತಿಗೆ ಹಿಂಗೇ ಐಬು ಹೇಳೋದು.”

ಮನೆ ನೋಡದೆ ನಾಯಿ ಕೊಡಬಾರದು ಅನ್ನುವುದು ಮೇಡಂ ನಿಯಮ. ಮುಂದಿನ ಭಾನುವಾರ ನಾಯಿಯನ್ನೂ ಹತ್ತಿಸಿಕೊಂಡು ಮೇಡಮ್ಮಿನ ಓಮ್ನಿ ವ್ಯಾನಿನಲ್ಲಿ ಹೊರಟೆವು. ಹೆಬ್ಬೂರು ಬರುವ ಮೊದಲೇ ನಾಯಿ ನನ್ನ ತೊಡೆಯ ಮೇಲೆ ವಾಂತಿ ಮಾಡಿತು. ಮೇಡಂ ಕನ್ನಡಿಯಲ್ಲಿ ನೋಡಿ, ಪಾಪ ಬಂಗಾರ ಅಂದರು. ನನಗಲ್ಲ.

ಮನೆ ಚೆನ್ನಾಗಿತ್ತು. ಮುಂದೆ ಗ್ರಿಲ್ ಹಾಕಿದ ಜಗಲಿ, ಹಿಂದೆ ತೋಟ. ಯಜಮಾನರು ಹೆಮ್ಮೆಯಿಂದ ನಮ್ಮನ್ನು ತೋಟದ ಕೊನೆಯವರೆಗೆ ನಡೆಸಿಕೊಂಡು ಹೋಗಿ, ಪಂಪ್‌ಸೆಟ್ಟಿನ ಮನೆಯ ಕಂಬಕ್ಕೆ ಬಿಗಿದ ಹೊಸ ಸರಪಳಿ ತೋರಿಸಿದರು. ಇಲ್ಲಿ ಕಟ್ಟುವುದಂತೆ. ಸುತ್ತ ಬೇಲಿಯಿಲ್ಲ, ಆಚೆಗೆ ಕುರುಚಲು, ಅದರಾಚೆ ಬಂಡೆ. ಮೊದಲಿದ್ದ ನಾಯಿ ಏನಾಯಿತು ಅಂತ ಮೇಡಂ ಕೇಳಿದರು.

“ಚಿರತೆ,” ಅಂದರು ಯಜಮಾನರು. ಅದಕ್ಕೆ ಕಿವಿ ಕತ್ತರಿಸಿರಲಿಲ್ಲ ಅಂತಲೂ ಸೇರಿಸಿದರು.

ನನ್ನ ತಲೆ ಕೆಟ್ಟುಹೋಯಿತು. ಕಿವಿಯ ತುದಿಯಿಲ್ಲ ಅಂತ ಚಿರತೆ ಕೈಮುಗಿದು ಹೋಗುತ್ತದಾ? ಅದನ್ನೇ ಕೇಳೋಣ ಅನ್ನುವಷ್ಟರಲ್ಲಿ ಮರಿಗಳ ಜತೆ ಮೇಯುತ್ತಿದ್ದ ಒಂದು ಕೋಳಿ ನಮ್ಮ ಹುಲಿಯನ್ನು ಕಂಡು ರೆಕ್ಕೆ ಕೆದರಿತು. ಹುಲಿ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು, ತೋಟ ದಾಟಿ, ಜಗಲಿ ದಾಟಿ, ನಡುಮನೆಯಲ್ಲಿದ್ದ ದಿವಾನ್ ಮಂಚದ ಕೆಳಗೆ ನುಗ್ಗಿಬಿಟ್ಟಿತು. ನಾವೆಲ್ಲ ಹಿಂದೆ ಓಡಿದೆವು. ನೋಡಿದ್ರಾ ಅಂದೆ. ಹೊಸ ಜಾಗ ಅಲ್ವಾ, ನಾಕು ದಿನ ಕಟ್ಟಾಕಿದ್ರೆ ರೋಷ ಬತ್ತದೆ ಅಂದರು.

“ಅಣ್ಣ, ಅಲ್ಲಿ ಕಟ್ಟಿದ್ರೆ ಇದು ಸಾಯುತ್ತೆ. ನಾವು ಕೊಡಲ್ಲ.”

ಯಜಮಾನರು ನನ್ನ ಮುಖವನ್ನೇ ನೋಡಿದರು. ಆಮೇಲೆ ಹಲ್ಲು ಬಿಟ್ಟರು. “ಇದು ಯಾರ್ದ್ಲಾ ವಾಯ್ಸು? ಡಾಕ್ಟ್ರುದು ಹಿಂಗಿರ್ಲಿಲ್ವಲ್ಲ.”

“ನಂದೇ ಕಣಣ್ಣ.”

ನನಗೇ ಅದು ನನ್ನದು ಅನ್ನಿಸಲಿಲ್ಲ, ಅಷ್ಟು ಒಡೆದಿತ್ತು. ಯಜಮಾನರು ತೊಡೆ ತಟ್ಟಿಕೊಂಡು ನಗುತ್ತಿದ್ದರು. ಇನ್ನು ಮಾತು ದಂಡ ಅಂತ ನೆಲದ ಮೇಲೆ ಬೋರಲಾಗಿ ಮಲಗಿ ಮಂಚದ ಕೆಳಗೆ ಕೈ ಹಾಕಿ ಹಗ್ಗ ಎಳೆದೆ. ನಾಯಿ ಬರಬೇಕಲ್ಲ. ನಾಲ್ಕೂ ಕಾಲು ಊರಿ ಕೂತಿದೆ. ಯಾವುದರ ಜೀವ ಉಳಿಸಲು ನಾನು ಇಷ್ಟು ಜಗಳ ಆಡುತ್ತಿದ್ದೇನೋ ಅದಕ್ಕೇ ನನ್ನ ಜತೆ ಬರಲು ಇಷ್ಟವಿಲ್ಲ. ನಿನ್ನ ವಾಂತಿ ಇನ್ನೂ ನನ್ನ ಪ್ಯಾಂಟಿನ ಮೇಲಿದೆ ಕಣೇ ಅಂತ ಬೈದೆ. ಅದು ಕಣ್ಣು ಮುಚ್ಚಿಕೊಂಡಿತು.

“ಎಳೀಬ್ಯಾಡ ಬುಡಪ್ಪ,” ಅಂದರು ಯಜಮಾನರ ಹೆಂಡತಿ. ಅಲ್ಲಿಯವರೆಗೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದವರು. ನನಗೆ ಹೇಳುವ ಹಾಗೆ, ಆದರೆ ಗಂಡನಿಗೆ ಕೇಳಲಿ ಅಂತಲೇ ಹೇಳತೊಡಗಿದರು. ಹಿಂದಿನ ನಾಯಿಯನ್ನು ಅಲ್ಲಿ ಕಟ್ಟಿದವರು ಯಜಮಾನರೇ. ಬೆಳಿಗ್ಗೆ ಹಾಲು ಕರೆದು ಹೋಗಿ ನೋಡಿದಾಗ ಸಿಕ್ಕಿದ್ದು ಸರಪಳಿ ಮಾತ್ರ. ಆ ಸರಪಳಿ ಬಾವಿಗೆ ಎಸೆದು ಬಂದವರು, ಅವತ್ತು ಊಟಕ್ಕೆ ಕೂರಲಿಲ್ಲ. ಎಷ್ಟೋ ದಿನ ತೋಟದ ಆ ಕಡೆಗೆ ನೀರು ಕಟ್ಟಲೂ ಹೋಗಲಿಲ್ಲ.

“ಇವ್ರಿಗೆ ಕಾಯಿ ಕಾಯೋ ನಾಯಿ ಏನೂ ಬೇಕಾಗಿಲ್ಲ. ಸಾಯ್ದೆ ಉಳ್ಕೊಳೋ ನಾಯಿ ಬೇಕು. ಅದ್ಕೇ ಕಿವಿ ನೋಡ್ಕೊಂಡು ತಿರುಗ್ತಾವ್ರೆ.”

ಯಜಮಾನರು ಸುಮ್ನಿರಮ್ಮಿ ಅಂದರು. ಜೋರಾಗಿ ಹೇಳಲು ಹೋದದ್ದು ಅರ್ಧಕ್ಕೇ ತಗ್ಗಿತು. ಟವಲ್ಲಿನಿಂದ ಮುಖ ಒರೆಸಿಕೊಂಡು ಜಗಲಿಗೆ ಹೋಗಿ ಕೂತರು. ನಾನು ಹಗ್ಗ ಬಿಟ್ಟು ಎದ್ದು ಕೂತೆ.

ಮೇಡಂ ಮಾತ್ರ ಬೋರ್ಡಿನ ಮೇಲಿನ ಲೆಕ್ಕ ಬಿಡಿಸುವ ದನಿಯಲ್ಲಿ, ಉಳೀಬೇಕು ಅಂದ್ರೆ ಸಂಜೆ ಒಳಗಿರಬೇಕು, ಇದರಲ್ಲಿ ತಿಳೀದೇ ಇರೋದು ಏನಿದೆ ಅಂದರು. ಯಜಮಾನರು ಅಷ್ಟಕ್ಕೆ ಒಪ್ಪುವವರೇ? ನಾಯಿನ ನಡುಮನೇಲಿ ಮಲಗಿಸಿದ್ರೆ ನೆಂಟರು ಆಡಿಕೊಳ್ಳಲ್ವಾ. ಕಾಯಿ ಕದ್ದರೆ ಯಾರು ನೋಡುತ್ತಾರೆ. ಬಾಗಿಲಲ್ಲಿ ರಂಗೋಲಿ ತುಳಿದರೆ? ಒಂದೊಂದಕ್ಕೂ ನಾವು ಉತ್ತರ ಹೇಳುವುದು, ಅವರು ತಲೆಯಾಡಿಸುವುದು, ಮತ್ತೆ ಮೊದಲಿನಿಂದ ಶುರು. ನಡುವೆ ಎಳನೀರು ಕೆತ್ತಿಕೊಟ್ಟರು. ಕುಡಿದು ಮತ್ತೆ ಜಗಳಕ್ಕೆ ಕೂತೆವು. ಕಾಯಿ ಹೋದ್ರೆ ಹೋಗ್ಲಿ ಅಂತ ಹೆಂಡತಿ ಒಳಗಿಂದ ಹೇಳಿದ ಮೇಲೆ, ಯಜಮಾನರು ಎದ್ದು ಹೋಗಿ ಪಂಪ್‌ಸೆಟ್ಟಿನ ಕಂಬದಿಂದ ಸರಪಳಿ ಬಿಚ್ಚಿಕೊಂಡು ಬಂದರು. ಹಗಲು ತೋಟದಲ್ಲಿ, ಸಂಜೆಯಾದರೆ ಜಗಲಿಯೊಳಗೆ. ಭಾನುವಾರ ಬಂದು ನೋಡಿಕೊಂಡು ಹೋಗುತ್ತೇನೆ ಅಂದೆ. ಬಾ, ಆದ್ರೆ ಬಾಯಿ ಮುಚ್ಕೊಂಡು ಬಾ ಅಂದರು.

ಅಷ್ಟರಲ್ಲಿ ನಾಯಿ ತಾನಾಗಿಯೇ ಮಂಚದ ಕೆಳಗಿಂದ ಹೊರಬಂದು ಮನೆಯೊಡತಿಯ ಹಿಂದೆ ಹಿತ್ತಲಿಗೆ ಹೋಗಿತ್ತು. ಮೇಡಂ ಗಡಿಯಾರ ನೋಡಿಕೊಂಡು, ಒಳಗೆ ಹೇಗೆ ಕರೀತೀರೋ ನೋಡೇ ಹೋಗ್ತೀವಿ ಅಂತ ಕೂತುಬಿಟ್ಟರು. ಯಜಮಾನರು ಹಿತ್ತಲ ಬಾಗಿಲಲ್ಲಿ ನಿಂತು ಬಾರೋ ಅಂದರು, ಬರಲಿಲ್ಲ. ಬಾರೇ ಅಂದರು, ಬರಲಿಲ್ಲ. ನಮ್ಮ ಕಡೆ ಒಮ್ಮೆ ನೋಡಿ, ದನಿ ಇಳಿಸಿ, ಬಾರವ್ವ ಅಂದರು. ಕೊನೆಗೆ ತಟ್ಟೆಯಲ್ಲಿ ಮುದ್ದೆ ಮುರಿದು ಸಾರು ಕಲಸಿಕೊಂಡು, ಬಿಳಿ ಅಂಗಿಯ ಮೇಲೆ ಚೆಲ್ಲಿಕೊಂಡು, ಹಿಂದುಹಿಂದಕ್ಕೆ ನಡೆಯುತ್ತ ಅದನ್ನು ಜಗಲಿಯವರೆಗೆ ಕರೆತಂದರು. ದಾರಿ ಬಿಡಲು ಅಂಗಳಕ್ಕಿಳಿದಿದ್ದ ನಮ್ಮ ಮುಖಕ್ಕೇ ಗ್ರಿಲ್ ಎಳೆದು ಚಿಲಕ ಹಾಕಿದರು.

ಅಣ್ಣ, ನನ್ನ ಫೋನು ಒಳಗೆ ಚಾರ್ಜಿಗಿದೆ, ಒಂದು ನಿಮಿಷ ಬಾಗಿಲು ತೆಗೀರಿ ಅಂದೆ. ಅವರು ನಾಯಿಯ ಕಡೆ ನೋಡಿದರು. ಅದು ತಟ್ಟೆಗೆ ಮುಖ ಹಾಕಿತ್ತು, ನೂಕುವವರು ಯಾರೂ ಇರಲಿಲ್ಲ.

“ತೆಗ್ಯಲ್ಲ. ಆಚೆ ಬತ್ತದೆ,” ಅಂತ ಹೇಳಿ, ಫೋನು ತಂದು ಗ್ರಿಲ್ಲಿನ ಸಂದಿಯಲ್ಲಿ ತೂರಿಸಿದರು. ಸಂಜೆಯೇ ಆಗಿರಲಿಲ್ಲ, ಬಿಸಿಲು ಇನ್ನೂ ತೆಂಗಿನ ಗರಿಗಳ ಮೇಲೆ ಇತ್ತು.